ಮಾಫಾತ್‌ಗೆ ಕಾಲಲ್ಲೇ ಹೋಗಬೇಕು

ಜುಲೈ ತಿಂಗಳ ಒಂದು ಬೆಳಗಿನ ಜಾವ, 5.45ರ ಹೊತ್ತು. ಅಲ್ಲಿ ಅದು ಚಳಿಗಾಲ. ಸಿಲಾವೋಸ್ ಊರಿನಿಂದ ಇಲೆಟ್ ಆ ಕೋರ್ದ್ ಕಡೆ ಹೋಗುವ ಕಿರಿದಾದ ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿದೆವು. ಇಳಿದ ತಕ್ಷಣ ಕಿವಿ ಜುಮ್ಮೆಂದಿತು, ಅಷ್ಟು ಚಳಿ. ಹಣೆಗೆ ದೀಪ ಕಟ್ಟಿಕೊಂಡು, ಬೂಟಿನ ಲೇಸು ಬಿಗಿದುಕೊಂಡು, ನಾನು ಮತ್ತು ನನ್ನ ಗೆಳತಿ ರಸ್ತೆ ಪಕ್ಕದಲ್ಲೇ ಶುರುವಾಗುವ ಮೆಟ್ಟಿಲು ಹತ್ತತೊಡಗಿದೆವು. ಮೊದಲ ಮೆಟ್ಟಿಲೇ ಮೊಣಕಾಲೆತ್ತರ ಇತ್ತು.

ಹೋಗಬೇಕಾಗಿದ್ದದ್ದು ಮಾಫಾತ್ ಕಣಿವೆಗೆ. ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿನ ಪೂರ್ವಕ್ಕೆ ರಿಯೂನಿಯನ್ ಅಂತ ಒಂದು ದ್ವೀಪ ಇದೆ. ಫ್ರಾನ್ಸ್ ದೇಶದ ಭಾಗ, ಹಾಗಾಗಿ ಖರ್ಚಿಗೆ ಯೂರೋ. ಆ ದ್ವೀಪದ ನಡುವಿನ ಬೆಟ್ಟಗಳ ಒಳಗೆ ಬಟ್ಟಲಿನ ಹಾಗೆ ಕುಸಿದು ಕೂತಿರುವ ಮೂರು ದೊಡ್ಡ ಕಣಿವೆಗಳಿವೆ: ಸಿಲಾವೋಸ್, ಸಲಾಜಿ, ಮಾಫಾತ್. ಮೊದಲ ಎರಡಕ್ಕೆ ರಸ್ತೆ ಇದೆ. ಮಾಫಾತ್‌ಗೆ ಇಲ್ಲ. ಇವತ್ತಿಗೂ ಇಲ್ಲ. ಅಲ್ಲಿ ಸುಮಾರು 800 ಜನ ಚಿಕ್ಕ ಚಿಕ್ಕ ಹಳ್ಳಿಗಳಲ್ಲಿ ಇದ್ದಾರೆ. ಹಳ್ಳಿಗೆ ಅವರು ಇಲೆಟ್ ಅನ್ನುತ್ತಾರೆ, ಅಂದರೆ ಪುಟ್ಟ ದ್ವೀಪ. ಸುತ್ತ ನೀರಿಲ್ಲ, ಸುತ್ತ ಪ್ರಪಾತ ಇದೆ, ಅದಕ್ಕೇ ಆ ಹೆಸರು. ಒಳಗೆ ಹೋಗಲು ಎರಡೇ ದಾರಿ, ಒಂದೋ ಹೆಲಿಕಾಪ್ಟರ್, ಇಲ್ಲದಿದ್ದರೆ ಕಾಲು.

ಫೋಟೋಗಳಲ್ಲಿ ನೋಡಿದಾಗಿನಿಂದ ನನಗೆ ಇದೊಂದೇ ತಲೆಯಲ್ಲಿತ್ತು. ಈಗಿನ ಕಾಲದಲ್ಲೂ ರಸ್ತೆ ಹೋಗದ ಕಡೆ ಶಾಲೆ, ಅಂಗಡಿ, ಮನೆ ಎಲ್ಲ ಇದೆ ಅಂದರೆ ಅದು ಹೇಗಿರಬಹುದು? ಓದಿದರೆ ಗೊತ್ತಾಗಲ್ಲ, ನಡೆದೇ ನೋಡಬೇಕು ಅನ್ನಿಸಿತ್ತು.

ನಮ್ಮ ಲೆಕ್ಕ ಹೀಗಿತ್ತು. ರಸ್ತೆ ಇರುವುದು ಸುಮಾರು 1,250 ಮೀಟರ್ ಎತ್ತರದಲ್ಲಿ. ಅಲ್ಲಿಂದ ತಾಯಿಬಿತ್ ಕಂಡಿಗೆ, ಅಂದರೆ ಬೆಟ್ಟಸಾಲನ್ನು ದಾಟುವ ಸಂದಿಗೆ, ಹತ್ತಬೇಕು, ಅದು 2,080 ಮೀಟರ್. ಆಮೇಲೆ ಆ ಕಡೆ ಇಳಿದರೆ ಮಾರ್ಲಾ, ಮಾಫಾತಿನಲ್ಲೇ ಅತಿ ಎತ್ತರದಲ್ಲಿರುವ ಇಲೆಟ್, 1,600 ಮೀಟರ್ ಹತ್ತಿರ. ಅಲ್ಲಿಂದ ಇನ್ನೂ ಕೆಳಗೆ ಇಳಿದರೆ ತ್ರುವಾ ರೋಷ್ ಅನ್ನುವ ಜಲಪಾತ. ಆಮೇಲೆ ಇಳಿದದ್ದನ್ನೆಲ್ಲ ವಾಪಸ್ ಹತ್ತಿ, ಹತ್ತಿದ್ದನ್ನೆಲ್ಲ ವಾಪಸ್ ಇಳಿದು, ಕತ್ತಲಾಗುವ ಮುಂಚೆ ಕಾರಿಗೆ. ಒಟ್ಟು ಸುಮಾರು 20 ಕಿ.ಮೀ., ಆದರೆ ಇಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಬರಲ್ಲ. ಹತ್ತುವುದು ಎಲ್ಲ ಸೇರಿ ಹತ್ತಿರ ಹತ್ತಿರ 1,700 ಮೀಟರ್, ಅಷ್ಟೇ ಇಳಿಯುವುದು. ಆ ಕಾಲದಲ್ಲಿ ಅಲ್ಲಿ ಹಗಲು ಇರುವುದೇ ಹನ್ನೊಂದು ಗಂಟೆ. ಬುದ್ಧಿ ಇರುವವರು ಮಾರ್ಲಾದಲ್ಲಿ ಒಂದು ರಾತ್ರಿ ಉಳಿದು ಬರುತ್ತಾರೆ. ನಮಗೆ ಉಳಿಯಲು ಜಾಗ ಸಿಕ್ಕಿರಲಿಲ್ಲ, ತಿಂಗಳುಗಟ್ಟಲೆ ಮುಂಚೆ ಕಾದಿರಿಸಬೇಕಿತ್ತು.

ಮೊದಲ ಮುಕ್ಕಾಲು ಗಂಟೆ ಮಾತೇ ಇಲ್ಲ. ದೀಪದ ಬೆಳಕಿನಲ್ಲಿ ಕಾಣುವುದು ಮುಂದಿನ ನಾಲ್ಕು ಮೆಟ್ಟಿಲು ಮಾತ್ರ. ಮರದ ದಿಮ್ಮಿ ಅಡ್ಡ ಇಟ್ಟು ಮಣ್ಣು ತುಂಬಿದ ಮೆಟ್ಟಿಲುಗಳು, ನಡುವೆ ಬೇರು, ನಡುವೆ ಕಪ್ಪು ಕಲ್ಲು. ಚಳಿಗೆ ಹಾಕಿದ್ದ ಜಾಕೆಟ್ ಹತ್ತೇ ನಿಮಿಷದಲ್ಲಿ ಬ್ಯಾಗಿಗೆ ಹೋಯಿತು. ಬೆಳಕು ಹರಿದಾಗ ಹಿಂದೆ ತಿರುಗಿ ನೋಡಿದರೆ ಸಿಲಾವೋಸ್ ಪೂರ್ತಿ ಕಾಣುತ್ತಿತ್ತು. ಊರು ಇನ್ನೂ ನೆರಳಲ್ಲಿತ್ತು. ಅದರ ಹಿಂದೆ ಪಿತೋಂ ದೆ ನೇಜ್ ಶಿಖರದ ತುದಿಗೆ ಮಾತ್ರ ಬಿಸಿಲು ಬಿದ್ದಿತ್ತು.

ಈ ಪಿತೋಂ ದೆ ನೇಜ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇಡೀ ದಿನ ನಾವು ನಡೆದದ್ದು ಅದರ ಮೈಮೇಲೆ. 3,070 ಮೀಟರ್ ಎತ್ತರ, ಇಡೀ ಹಿಂದೂ ಮಹಾಸಾಗರದಲ್ಲೇ ಅತಿ ಎತ್ತರದ ಶಿಖರ. ಅದು ಜ್ವಾಲಾಮುಖಿ, ಸಾವಿರಾರು ವರ್ಷಗಳಿಂದ ಉಗುಳದೆ ಸುಮ್ಮನೆ ಕೂತಿದೆ. ದ್ವೀಪದ ಇನ್ನೊಂದು ತುದಿಯಲ್ಲಿರುವ ಪಿತೋಂ ದೆ ಲಾ ಫೂರ್ನೇಜ್ ಮಾತ್ರ ಇನ್ನೂ ಜೀವಂತ, ಆಗಾಗ ಲಾವಾ ಹರಿಸುತ್ತಲೇ ಇರುತ್ತದೆ. ಈ ಮೂರು ಕಣಿವೆಗಳನ್ನು ಮೇಲಿನಿಂದ ನೋಡಿದರೆ ಇಸ್ಪೀಟಿನ ಕಳಾವರ್ ಎಲೆಯ ಹಾಗೆ ಕಾಣುತ್ತವೆ, ನಡುವಿನಲ್ಲಿ ಶಿಖರ. ತುಂಬ ಜನ ಇವನ್ನು ಜ್ವಾಲಾಮುಖಿಯ ಬಾಯಿ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇವು ಹಳೆಯ ಬೆಟ್ಟ ಕುಸಿದು, ಮಳೆ ಕೊರೆದು ಆದ ಕಣಿವೆಗಳು. ಮಳೆ ಅಂದರೆ ಎಂಥ ಮಳೆ! 1966ರ ಜನವರಿಯಲ್ಲಿ ಇದೇ ದ್ವೀಪದ ಫೋಕ್-ಫೋಕ್ ಅನ್ನುವ ಕಡೆ ಒಂದೇ ದಿನದಲ್ಲಿ 1,825 ಮಿ.ಮೀ. ಬಿದ್ದಿತ್ತು, ಅದು ವಿಶ್ವದಾಖಲೆ. 2007ರ ಫೆಬ್ರವರಿಯಲ್ಲಿ ಒಂದು ಚಂಡಮಾರುತ ಬಂದಾಗ ಮೂರು ದಿನಕ್ಕೆ 3,930 ಮಿ.ಮೀ., ಅದೂ ದಾಖಲೆಯೇ. ಹೀಗೆ ಲಕ್ಷಾಂತರ ವರ್ಷ ಕೊರೆದರೆ ಎಂಥ ಬೆಟ್ಟವಾದರೂ ಸವೆಯಲೇಬೇಕು ಅಲ್ವಾ.

ಇನ್ನೊಂದು ಸಂಗತಿ ನನ್ನನ್ನು ಇಡೀ ದಾರಿ ಬಿಡಲಿಲ್ಲ. ಈ ದ್ವೀಪವನ್ನು ಹುಟ್ಟಿಸಿದ್ದು ಭೂಮಿಯ ಆಳದಲ್ಲಿರುವ, ಲಾವಾ ಮೇಲಕ್ಕೆ ಉಕ್ಕಿಸುವ ಒಂದು ಬಿಸಿ ಚುಕ್ಕೆ. ಅದು ಇದ್ದಲ್ಲೇ ಇದೆ, ಮೇಲಿನ ನೆಲ ಸರಿಯುತ್ತಾ ಹೋಗಿದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಅದೇ ಚುಕ್ಕೆಯ ಮೇಲೆ ಇದ್ದದ್ದು ನಮ್ಮ ದಖ್ಖನ್. ಬೆಳಗಾವಿ, ವಿಜಯಪುರದ ಕಪ್ಪು ಕಲ್ಲು, ಅದು ಸವೆದು ಆದ ಎರೆ ಮಣ್ಣು, ಎಲ್ಲ ಆಗ ಹರಿದ ಲಾವಾದ್ದೇ. ಆಮೇಲೆ ಲಕ್ಷದ್ವೀಪದ ಕೆಳಗಿನ ದಿಬ್ಬ, ಮಾಲ್ಡೀವ್ಸ್, ಮಾರಿಷಸ್, ಕೊನೆಗೆ ರಿಯೂನಿಯನ್. ಅಂದರೆ ಆ ಬೆಳಿಗ್ಗೆ ನಾನು ಕೈ ಊರಿ ಹತ್ತುತ್ತಿದ್ದ ಕಲ್ಲಿಗೂ ಎರೆ ಹೊಲದ ಮಣ್ಣಿಗೂ ಮೂಲ ಒಂದೇ. ಗೆಳತಿಗೆ ಇದನ್ನು ಹೇಳಿದೆ. ಅವಳಿಗೆ ಏದುಸಿರು, ತಲೆ ಆಡಿಸಿದಳು ಅಷ್ಟೇ.

7 ಗಂಟೆ ದಾಟಿದ ಮೇಲೆ ಸಲಾಜ್ ಇಲೆಟ್ ಬಂತು. ಎರಡು ಮೂರು ತಗಡಿನ ಮನೆ, ಹೂಗಿಡ, ಒಂದು ಬೆಂಚು. ಇಲ್ಲಿ ಕಷಾಯ ಮಾಡಿಕೊಡುತ್ತಾರೆ, ನಡೆಯುವವರ ನಡುವೆ ಅದು ಹೆಸರುವಾಸಿ. ಅದರ ಹೆಸರು ತಿಸಾನ್ ಅಸಾನ್ಸರ್, ನಮ್ಮ ಮಾತಲ್ಲಿ ಹೇಳಬೇಕಂದರೆ ಲಿಫ್ಟ್ ಕಷಾಯ. ಕುಡಿದರೆ ಲಿಫ್ಟಿನಲ್ಲಿ ಹೋದ ಹಾಗೆ ಮೇಲೆ ಹೋಗಬಹುದಂತೆ. ಒಲೆ ಆಗ ತಾನೇ ಹೊತ್ತಿಸಿದ್ದರು. ಬಿಸಿ ಬಿಸಿ, ಸ್ವಲ್ಪ ಕಹಿ, ಕೊನೆಗೆ ಜೇನಿನ ಸಿಹಿ. ಯಾವ ಯಾವ ಸೊಪ್ಪು ಹಾಕಿದ್ದೀರಿ ಅಂತ ಕೇಳಿದ್ದಕ್ಕೆ ಅಜ್ಜಿ ನಕ್ಕು ಬೆಟ್ಟದ ಕಡೆ ಕೈ ತೋರಿಸಿದರು.

ಅಲ್ಲೇ ನಾವು ಕ್ರಿಯೋಲ್ ಭಾಷೆಯ ಎರಡು ಮಾತು ಕಲಿತದ್ದು. "ಕೊಮಾನ್ ಇ ಲೆ?" ಅಂದರೆ ಹೇಗಿದ್ದೀರಿ. ಉತ್ತರ, "ಲೆ ಲಾ." ಅಂದರೆ, ಇದ್ದೀವಿ. ನಮ್ಮ ಕಡೆ "ಹೇಗಿದ್ದೀರಾ" ಅಂದರೆ "ಏನೋ ಇದ್ದೀವಿ" ಅನ್ನುತ್ತೇವಲ್ಲ, ಪೂರಾ ಅದೇ. ಆ ದಿನ ಎದುರು ಸಿಕ್ಕವರಿಗೆಲ್ಲ ಹೇಳಿದೆವು.

ಸಲಾಜ್ ಇಲೆಟ್‌ನಿಂದ ಕಂಡಿಯವರೆಗೆ ನಿಜವಾದ ಕಷ್ಟ ಶುರು. ದಾರಿ ಹಾವಿನ ಹಾಗೆ ಸುತ್ತುತ್ತಾ, ಒಂದು ಕಡೆಯೂ ಚಪ್ಪಟೆ ಆಗದೆ ಹತ್ತುತ್ತಲೇ ಹೋಗುತ್ತದೆ. ಪಕ್ಕದಲ್ಲಿ ಒಂದು ಪುಟ್ಟ ಹಕ್ಕಿ, ಟೆಕ್-ಟೆಕ್ ಅಂತ ಅದರ ಹೆಸರು, ಕೂಗುವುದೂ ಹಾಗೇ. ಈ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ಹೆದರಿಕೆಯೇ ಇಲ್ಲ ಅದಕ್ಕೆ. ನಾವು ನಿಂತಾಗ ಒಂದು ಮಾರು ದೂರದಲ್ಲಿ ಕೂತು ನೋಡುತ್ತಿತ್ತು, ನಡೆದಾಗ ಮುಂದೆ ಹಾರಿ ಮತ್ತೆ ಕಾಯುತ್ತಿತ್ತು. ಕಾಲು ಸೋತಾಗ ಇಂಥದ್ದೊಂದು ಜೊತೆ ಎಷ್ಟು ದೊಡ್ಡದು ಅಂತ ಹೇಳಲು ಬರಲ್ಲ.

8.40ಕ್ಕೆ ಕಂಡಿ ತಲುಪಿದೆವು. ತಾಯಿಬಿತ್. ಎರಡು ಗೋಡೆಗಳ ನಡುವಿನ ಸಣ್ಣ ಸಂದು, ಗಾಳಿ ಹೊಡೆಯುತ್ತಿತ್ತು. ಹಿಂದೆ ಸಿಲಾವೋಸ್, ಮುಂದೆ ಮಾಫಾತ್.

ನನಗೆ ಆ ಕ್ಷಣ ನೆನಪಿದೆ. ಎಡಕ್ಕೆ ಗ್ರಾನ್ ಬೆನಾರ್ ಶಿಖರದ ಗೋಡೆ, ಅದು ಹಾಗೇ ಮುಂದುವರಿದು ದೂರದ ಮಾಯಿದೋ ತನಕ, ಎಲ್ಲೂ ಬಿಡುವಿಲ್ಲದೆ ಸಾವಿರ ಮೀಟರಿಗೂ ಜಾಸ್ತಿ ನೇರ ಇಳಿದಿತ್ತು. ಬಲಕ್ಕೆ ಗ್ರೋ ಮೋರ್ನ್. ನಡುವೆ ಹಸಿರು ಏಣುಗಳು ಬ್ಲೇಡಿನ ಅಲಗಿನ ಹಾಗೆ ಎದ್ದಿದ್ದವು, ಒಂದರ ಹಿಂದೆ ಒಂದು. ಅವುಗಳ ನಡುವೆ ಎಲ್ಲೋ ಒಂದು ಕಡೆ ಬೆರಳಿನಷ್ಟು ಜಾಗ ಚಪ್ಪಟೆ, ಅದರ ಮೇಲೆ ನಾಲ್ಕು ಬಿಳಿ ಚುಕ್ಕೆ. ಮನೆಗಳು. ಅಲ್ಲಿಗೆ ಹೇಗೆ ಹೋದರು, ಯಾಕೆ ಹೋದರು ಅಂತ ಯಾರಿಗಾದರೂ ಅನ್ನಿಸಲೇಬೇಕು.

ಯಾಕೆ ಅನ್ನುವುದಕ್ಕೆ ಉತ್ತರ ಇದೆ. 17ನೇ ಶತಮಾನದವರೆಗೆ ಈ ದ್ವೀಪದಲ್ಲಿ ಜನವೇ ಇರಲಿಲ್ಲ. ಫ್ರೆಂಚರು ಬಂದರು. 1715ರಲ್ಲಿ ಕಾಫಿ ಗಿಡ ತಂದರು. ತೋಟಕ್ಕೆ ಮಡಗಾಸ್ಕರಿನಿಂದ, ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ಮಾಡಿದರು. ಅವರಲ್ಲಿ ಕೆಲವರು ಓಡಿಹೋದರು. ದ್ವೀಪದಲ್ಲಿ ಓಡಿ ಹೋಗುವುದೆಲ್ಲಿಗೆ? ಸಮುದ್ರದ ಕಡೆ ಇಲ್ಲ. ಬೆಟ್ಟದ ಕಡೆ, ಒಳಗೆ, ಮೇಲಕ್ಕೆ. ಅವರನ್ನು ಮರೂನ್ ಅಂತ ಕರೆಯುತ್ತಾರೆ. ಮಾಫಾತ್ ಅನ್ನುವುದೂ ಅಂಥ ಒಬ್ಬ ಮುಖಂಡನ ಹೆಸರೇ. ಅವನನ್ನು 1751ರಲ್ಲಿ ಫ್ರಾಂಸ್ವಾ ಮುಸಾರ್ ಅನ್ನುವ ಬೇಟೆಗಾರ ಕೊಂದ. ಮನುಷ್ಯರನ್ನು ಹುಡುಕಿ ಹಿಡಿಯುವುದೇ ಇವನ ಕೆಲಸ. ಕೊಂದದ್ದಕ್ಕೆ ಸಾಕ್ಷಿಯಾಗಿ ಕತ್ತರಿಸಿದ ಕೈ ತಂದು ತೋರಿಸಿ ಬಹುಮಾನ ತೆಗೆದುಕೊಳ್ಳುತ್ತಿದ್ದರಂತೆ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇದೆಲ್ಲ ನಾನು ಹೋಗುವ ಮುಂಚೆಯೇ ಓದಿದ್ದೆ. ಆದರೆ ಓದಿದ್ದು ತಲೆಯಲ್ಲಿತ್ತು, ಈಗ ಅದು ತೊಡೆಯಲ್ಲಿ, ಮೊಣಕಾಲಲ್ಲಿ ಗೊತ್ತಾಗುತ್ತಿತ್ತು. ನಾವು ಮೂರು ಗಂಟೆ ಹತ್ತಿದ್ದು ಕಟ್ಟಿದ ಮೆಟ್ಟಿಲ ಮೇಲೆ. ದೀಪ ಇತ್ತು, ನೀರಿತ್ತು, ಒಳ್ಳೆ ಬೂಟು ಇತ್ತು, ದಾರಿಯಲ್ಲಿ ಕಷಾಯ ಕೊಡುವ ಅಜ್ಜಿ ಇದ್ದರು. ಆ ಮರೂನರು ಬಂದದ್ದು ದಾರಿಯೇ ಇಲ್ಲದ ಕಡೆ, ರಾತ್ರಿ ಹೊತ್ತು, ಬರಿಗಾಲಲ್ಲಿ, ಮಕ್ಕಳನ್ನು ಎತ್ತಿಕೊಂಡು, ಹಿಂದೆ ನಾಯಿಗಳು. ಈ ಕಡಿದಾದ ಗೋಡೆಯನ್ನು ನೋಡಿ ನನಗೆ ಭಯ ಆಯಿತು. ಅವರಿಗೆ ಇದೇ ಗೋಡೆ ಮನೆಯ ಬಾಗಿಲಿನ ಚಿಲಕ ಆಗಿತ್ತು.

ಮಾರ್ಲಾಗೆ ಇಳಿದದ್ದು ಮುಕ್ಕಾಲು ಗಂಟೆ. ಮಾರ್ಲಾ ಅನ್ನುವುದೂ ಮಡಗಾಸ್ಕರಿನ ಮಾತೇ ಅನ್ನುತ್ತಾರೆ, ತುಂಬ ಜನ ಇರುವ ಜಾಗ ಅಂತ ಅರ್ಥವಂತೆ. ಈಗ ಇರುವುದು ಕೆಲವೇ ಮನೆ. ಬೇಲಿ, ಕೋಳಿ, ತರಕಾರಿ ಪಾತಿ, ಸೀಮೆಬದನೆಯ ಚಪ್ಪರ, ಮಾಡಿನ ಮೇಲೆ ಸೋಲಾರ್ ಹಲಗೆ. ಕರೆಂಟಿನ ತಂತಿ ಈ ಕಣಿವೆಗೆ ಬಂದಿಲ್ಲ. ನಾವು ಇಳಿಯುವಾಗಲೇ ತಲೆಯ ಮೇಲೆ ಒಂದು ಹೆಲಿಕಾಪ್ಟರ್ ಬಂತು, ಕೆಳಗೆ ಹಗ್ಗದಲ್ಲಿ ದೊಡ್ಡ ಬಲೆ, ಬಲೆಯಲ್ಲಿ ಗ್ಯಾಸ್ ಸಿಲಿಂಡರ್. ಇಳಿಸಿ ಎರಡು ನಿಮಿಷದಲ್ಲಿ ಹಿಂತಿರುಗಿತು. ನೆಲ ಸರ್ಕಾರದ್ದು, ಇಲ್ಲಿಯವರು ಗುತ್ತಿಗೆಗೆ ಇದ್ದಾರೆ. ಚಿಕ್ಕ ಮಕ್ಕಳಿಗೆ ಕಣಿವೆಯಲ್ಲೇ ಶಾಲೆ ಇದೆ, ದೊಡ್ಡವರಾದ ಮೇಲೆ ಹೊರಗೆ ಕರಾವಳಿಗೆ ಹೋಗಬೇಕು. ಸೋಮವಾರ ಶಾಲೆಗೆ ಹೋಗಲು ಭಾನುವಾರವೇ ಬೆಟ್ಟ ಹತ್ತುವ ಮಕ್ಕಳನ್ನು ಯೋಚಿಸಿ.

ಮಾರ್ಲಾದಿಂದ ಮುಂದೆ ಹೋಗಬೇಕಾ ಬೇಡವಾ ಅಂತ ಸ್ವಲ್ಪ ಚರ್ಚೆ ಆಯಿತು. ಸಮಯ 9.30. ಆಕಾಶ ತಿಳಿಯಾಗಿತ್ತು, ಕಾಲು ಇನ್ನೂ ಸುಮಾರಾಗಿತ್ತು. ಗೆಳತಿ "11 ಗಂಟೆಗೆ ಎಲ್ಲಿದ್ದರೂ ವಾಪಸ್ ತಿರುಗುವುದು" ಅಂದಳು. ಈ ಬೆಟ್ಟಗಳಲ್ಲಿ ಬೆಳಿಗ್ಗೆ ಎಷ್ಟೇ ಬಿಸಿಲಿದ್ದರೂ ಮಧ್ಯಾಹ್ನಕ್ಕೆ ಮೋಡ ತುಂಬುತ್ತದೆ, ದಿನಾ ಇದೇ ಕತೆ. ಅವಳು ಹೇಳಿದ್ದು ಸರಿ. ಒಪ್ಪಿದೆ.

ಮೊದಲು ಗಾಳಿಮರದ ತೋಪು, ಆಮೇಲೆ ಮರಳಿನ ಬಯಲು, ಆಮೇಲೆ ನದಿ. ಗಾಲೆ ನದಿ ಅದು, ಅಂದರೆ ಉರುಟು ಕಲ್ಲುಗಳ ನದಿ, ಮಾಫಾತಿನ ನೀರನ್ನೆಲ್ಲ ಹೊತ್ತು ಸಮುದ್ರಕ್ಕೆ ಹೋಗುವುದು ಅದೊಂದೇ. ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದೆವು. ದೂರದಲ್ಲಿ ತಮರಿನ್ ಮರಗಳ ಬಯಲು ಕಾಣುತ್ತಿತ್ತು. ಈ ಮರದ್ದು ಒಂದು ಚಂದದ ಕತೆ. ಹೆಸರು ತಮರಿನ್, ಅಂದರೆ ಹುಣಸೆ, ಆದರೆ ಅದು ಹುಣಸೆ ಅಲ್ಲ, ಜಾಲಿಯ ಜಾತಿ. ಹವಾಯಿಯಲ್ಲಿ ಕೋವಾ ಅಂತ ಒಂದು ಮರ ಇದೆ, ಅದಕ್ಕೂ ಇದಕ್ಕೂ ನಡುವೆ 18,000 ಕಿ.ಮೀ. ಸಮುದ್ರ. 2014ರಲ್ಲಿ ಎರಡರ ಜೀನ್ ಹೋಲಿಸಿ ನೋಡಿದಾಗ ಗೊತ್ತಾಯಿತು, ಈ ಮರ ಬಂದದ್ದೇ ಹವಾಯಿಯಿಂದ ಅಂತ. ಒಂದು ಬೀಜ ಅಷ್ಟು ದೂರ ಬಂದು ಇಂಥದ್ದೇ ಇನ್ನೊಂದು ಜ್ವಾಲಾಮುಖಿಯ ಮೇಲೆ ಬೇರೂರಿದೆ. ಇಂಥ ವಿಷಯ ಕೇಳಿದಾಗ ನನಗೆ ಸುಮ್ನೆ ಖುಷಿ ಆಗುತ್ತೆ, ಯಾಕೆ ಅಂತ ಕೇಳಬೇಡಿ.

10.45ಕ್ಕೆ ತ್ರುವಾ ರೋಷ್. ಅಂದರೆ ಮೂರು ಬಂಡೆ. ನದಿ ಇಲ್ಲಿ ಅಗಲವಾದ ಹಾಸುಬಂಡೆಯ ಮೇಲೆ ತೆಳ್ಳಗೆ, ಸದ್ದಿಲ್ಲದೆ ಹರಿದು ಬರುತ್ತದೆ. ಬಂಡೆ ನೀರಿಗೆ ಉಜ್ಜಿ ಉಜ್ಜಿ ನುಣ್ಣಗಾಗಿದೆ, ಬೂದು ಬಣ್ಣ, ಅದರಲ್ಲಿ ತಿಳಿ ಬಣ್ಣದ ಗೆರೆಗಳು. ಅದರ ಮೇಲೆ ಆನೆಯಂಥ ಕಲ್ಲುಗಳು ಕೂತಿವೆ, ಎಣಿಸಿದರೆ ಮೂರಕ್ಕಿಂತ ಜಾಸ್ತಿಯೇ ಇವೆ. ಆಮೇಲೆ ಇದ್ದಕ್ಕಿದ್ದಂತೆ ನದಿ ಮಾಯ. ಬಂಡೆಯಲ್ಲಿ ಕಿರಿದಾದ ಒಂದು ಬಿರುಕು, ಪೂರ್ತಿ ನದಿ ಅದರೊಳಗೆ ಧುಮುಕುತ್ತದೆ. ಹತ್ತಿರ ಹೋಗಬೇಡಿ, ದಯವಿಟ್ಟು. ಅಂಚು ಜಾರುತ್ತದೆ, ಬೇಲಿ ಗೀಲಿ ಏನೂ ಇಲ್ಲ. ನಾವು ದೂರದಲ್ಲೇ ಮಲಗಿಕೊಂಡು ಕಿವಿಯನ್ನು ಬಂಡೆಗೆ ಇಟ್ಟೆವು. ಒಳಗೆಲ್ಲೋ ಗುಡುಗಿನಂಥ ಸದ್ದು. ಬೂಟು ಬಿಚ್ಚಿ ಪಾದ ನೀರಲ್ಲಿ ಇಟ್ಟಾಗ ಮೂಳೆ ತನಕ ತಣ್ಣಗಾಯಿತು. ಇಡೀ ದಿನದಲ್ಲಿ ನಾವು ಸುಮ್ಮನೆ ಕೂತದ್ದು ಆ ಅರ್ಧ ಗಂಟೆ ಮಾತ್ರ.

ಬೂಟು ವಾಪಸ್ ಹಾಕಿಕೊಂಡು ಹತ್ತು ನಿಮಿಷ ನಡೆದಿರಬೇಕು, ಬಲಗಾಲಲ್ಲಿ ಚಪ್ ಚಪ್ ಅಂತ ಸದ್ದು. ನೋಡಿದರೆ ಅಟ್ಟೆ ಹಿಮ್ಮಡಿಯಿಂದ ಕಿತ್ತು ಬಾಯಿ ಬಿಟ್ಟಿತ್ತು. ಒಳಗಿನ ಫೋಮ್ ಹಳೇ ಬಿಸ್ಕತ್ತಿನ ಹಾಗೆ ಪುಡಿ ಪುಡಿ. ಆಮೇಲೆ ಗೊತ್ತಾದದ್ದು, ಬೂಟಿನ ನಡು ಪದರಕ್ಕೆ ಹಾಕುವ ಒಂದು ಬಗೆಯ ಪ್ಲಾಸ್ಟಿಕ್ ಫೋಮ್ ಗಾಳಿಯ ತೇವಕ್ಕೇ ನಿಧಾನವಾಗಿ ಒಡೆಯುತ್ತದೆ. ದಿನಾ ಹಾಕಿಕೊಳ್ಳುವ ಬೂಟಿಗಿಂತ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ ಇಟ್ಟ ಬೂಟಿಗೇ ಇದು ಜಾಸ್ತಿ. ನನ್ನದು ಮೂರು ವರ್ಷ ಪೆಟ್ಟಿಗೆಯಲ್ಲಿತ್ತು. ನೋಡಲು ಹೊಸದರ ಹಾಗೇ ಇತ್ತು. ನೀವು ಬೆಟ್ಟಕ್ಕೆ ಹೊರಡುವ ಮುಂಚೆ ಅಟ್ಟೆಯನ್ನು ಬಗ್ಗಿಸಿ, ಒತ್ತಿ ನೋಡಿ. ಒಂದು ದಿನ ಊರಲ್ಲೇ ಹಾಕಿಕೊಂಡು ಓಡಾಡಿ.

ಬ್ಯಾಗಿನ ಒಂದು ಪಟ್ಟಿ ಬಿಚ್ಚಿ ಕಟ್ಟಿಕೊಂಡೆ. ಅದು ಇಪ್ಪತ್ತು ಹೆಜ್ಜೆಗೊಮ್ಮೆ ಜಾರುತ್ತಿತ್ತು. ಒಂದು ಗಂಟೆಯ ಏರು ಒಂದೂಮುಕ್ಕಾಲು ಗಂಟೆ ಆಯಿತು. ಅಷ್ಟರಲ್ಲಿ ಮೋಡ ಬಂತು. ಮೊದಲು ಗ್ರಾನ್ ಬೆನಾರ್ ಮಾಯ, ಆಮೇಲೆ ಕಂಡಿ ಮಾಯ, ಆಮೇಲೆ ಎದುರಿನ ಮರ. ಹಿಂದೆ ಸಾವಿರ ಮೀಟರ್ ಬೆಟ್ಟ, ಮುಂದೆ ಸಾವಿರ ಮೀಟರ್ ಬೆಟ್ಟ, ಕಾಲಲ್ಲಿ ಅಟ್ಟೆ ಇಲ್ಲ. ರಸ್ತೆ ಇಲ್ಲ ಅನ್ನುವುದರ ಅರ್ಥ ನನಗೆ ಪೂರ್ತಿ ಇಳಿದದ್ದು ಆಗಲೇ. ಇಲ್ಲಿ ಏನೇ ಆದರೂ ಕಾಲು ಗಟ್ಟಿಯಿರಬೇಕು. ಜ್ವರ ಬಂದರೂ, ಹೆರಿಗೆ ನೋವು ಬಂದರೂ, ಮೋಡ ಮುಚ್ಚಿ ಹೆಲಿಕಾಪ್ಟರ್ ಬರದ ದಿನ ಯಾರದೋ ಕಾಲೇ ಗತಿ.

ಮಾರ್ಲಾದ ಅಂಗಡಿ ಜಗಲಿಯಲ್ಲಿ ಕೂತಿದ್ದ ಒಬ್ಬರು ನನ್ನ ಬೂಟನ್ನು ದೂರದಿಂದಲೇ ನೋಡಿದರು. ಅರವತ್ತರ ಆಸುಪಾಸು. ಏನೂ ಹೇಳದೆ ಒಳಗೆ ಹೋಗಿ ನೈಲಾನ್ ಹುರಿ ತಂದರು. ನನ್ನನ್ನು ಕೂರಿಸಿ, ಪಾದವನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡರು. ನನಗೆ ಮುಜುಗರ, ಅವರಿಗೆ ಅದರ ಗಮನವೇ ಇಲ್ಲ. ಹುರಿ ಹಿಮ್ಮಡಿಯ ಮುಂದಿನ ತಗ್ಗಿನಲ್ಲಿ ಹಾಯಬೇಕು, ಪಾದದ ಮುಂಭಾಗದ ಕೆಳಗೆ ಹಾಯಿಸಿದರೆ ಕಲ್ಲಿಗೆ ತಾಗಿ ಒಂದು ಗಂಟೆಯಲ್ಲಿ ಹರಿಯುತ್ತದೆ, ಗಂಟು ಮೇಲೆ ಬರಬೇಕು. ಇದನ್ನೆಲ್ಲ ಅವರು ಅರ್ಧ ಮಾತಲ್ಲಿ, ಅರ್ಧ ಕೈಯಲ್ಲಿ ತೋರಿಸಿದರು. ನನ್ನ ಫ್ರೆಂಚ್ ಅಷ್ಟಕ್ಕಷ್ಟೇ. ಹಿಂದೆಲ್ಲ ಇಂಥದ್ದಕ್ಕೆ ಶೋಕಾ ನಾರು ಬಳಸುತ್ತಿದ್ದರು ಅಂತ ಬೇಲಿಯ ಕಡೆ ತೋರಿಸಿದರು. ನೋಡಿದರೆ ನಮ್ಮ ಕತ್ತಾಳೆಯಂಥ ಗಿಡ.

ದುಡ್ಡು ಬೇಡ ಅಂದರು. ಎಲ್ಲಿಯವರು ಅಂತ ಕೇಳಿದರು. ಇಂಡಿಯಾ ಅಂದಾಗ "ಮಲ್ಬಾರ್?" ಅಂತ ಮುಖ ಅರಳಿಸಿದರು. 1848ರ ಡಿಸೆಂಬರ್ 20ರಂದು ಇಲ್ಲಿ ಗುಲಾಮಗಿರಿ ನಿಂತಿತು, ಸುಮಾರು 62,000 ಜನ ಬಿಡುಗಡೆಯಾದರು. ತೋಟದ ಮಾಲೀಕರು ಆಳುಗಳಿಗಾಗಿ ಕರಾರು ಬರೆಸಿ ಇಂಡಿಯಾದಿಂದ ಜನರನ್ನು ತಂದರು, ಹೆಚ್ಚಿನವರು ತಮಿಳರು, ಆದರೂ ಕರೆದದ್ದು ಮಲ್ಬಾರ್ ಅಂತ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ದ್ವೀಪದ ದೊಡ್ಡ ಪಾಲು. ನಾವು ಊಟ ಮಾಡಿದ್ದೂ ಅಲ್ಲೇ ಪಕ್ಕದಲ್ಲಿ, ಅನ್ನ, ಸಿಲಾವೋಸಿನ ಚಿಕ್ಕ ಕಂದು ಕಾಳಿನ ಸಾರು, ರುಗಾಯ್ ಅನ್ನುವ ಟೊಮೆಟೊ ಮೆಣಸಿನ ಗೊಜ್ಜು. ಬಾಯಿಗೆ ಇಟ್ಟಾಗ ಕಣ್ಣಲ್ಲಿ ನೀರು ಬಂತು, ಖಾರಕ್ಕೂ ಇರಬಹುದು.

ನನ್ನ ಕಾಲಿಗೆ ಹುರಿ ಕಟ್ಟಿದವರೇ ಇಲ್ಲಿಯ ಅಂಚೆಯವರ ಮಾತು ತೆಗೆದದ್ದು. ಇವ್ರಿನ್ ಪೋಜೆ ಅಂತ ಆ ಅಂಚೆಯವರ ಹೆಸರು, ಇಡೀ ದ್ವೀಪಕ್ಕೆ ಗೊತ್ತು. 1951ರಿಂದ 1991ರವರೆಗೆ, 40 ವರ್ಷ, ಮಾಫಾತಿನ ಇಲೆಟ್‌ಗಳಿಗೆಲ್ಲ ಬೆನ್ನ ಮೇಲೆ ಚೀಲ ಹೊತ್ತು ನಡೆದೇ ಟಪಾಲು ಮುಟ್ಟಿಸಿದವರು. ನಾನು ಒಂದು ದಿನಕ್ಕೆ ಸೋತು ಕೂತಿದ್ದ ದಾರಿ ಅವರಿಗೆ ಪ್ರತಿ ವಾರದ ಕೆಲಸ. ಅಕ್ಟೋಬರ್‌ನಲ್ಲಿ ಇಲ್ಲಿ ಗ್ರಾನ್ ರೇಡ್ ಅಂತ ಓಟ ನಡೆಯುತ್ತದೆ, ದ್ವೀಪವನ್ನು ಅಡ್ಡ ಹಾಯುವ 160 ಕಿ.ಮೀ.ಗೂ ಜಾಸ್ತಿ ದೂರದ ಓಟ, ಲೋಕದ ಎಲ್ಲ ಕಡೆಯಿಂದ ಬರುತ್ತಾರೆ. ಗೆದ್ದವರನ್ನು ನಾನು ಮೆಚ್ಚುತ್ತೇನೆ, ಆದರೂ ನನ್ನ ಮಟ್ಟಿಗೆ ಈ ಕಣಿವೆಯ ದೊಡ್ಡ ನಡಿಗೆಗಾರ ಆ ಅಂಚೆಯಣ್ಣನೇ.

1.40ಕ್ಕೆ ಹೊರಟೆವು. ಕಂಡಿಗೆ ಮತ್ತೆ 480 ಮೀಟರ್. ಈ ಏರಿನ ಬಗ್ಗೆ ಜಾಸ್ತಿ ಬರೆಯಲು ಏನೂ ಇಲ್ಲ. ಮಂಜು. ಐವತ್ತು ಹೆಜ್ಜೆ, ನಿಲ್ಲು. ಐವತ್ತು ಹೆಜ್ಜೆ, ನಿಲ್ಲು. ಆಮೇಲೆ ಮೂವತ್ತು. ಗೆಳತಿ ಮುಂದೆ, ಅವಳ ಬ್ಯಾಗಿನ ಕೆಂಪು ಬಣ್ಣ ಮಾತ್ರ ನನಗೆ ಗುರುತು. ಹುರಿ ಒಂದು ಸಲವೂ ಸಡಿಲ ಆಗಲಿಲ್ಲ. 3.30ಕ್ಕೆ ಕಂಡಿಯಲ್ಲಿ ಗಾಳಿ ಮುಖಕ್ಕೆ ಹೊಡೆದಾಗಲೇ ಬಂದೆವು ಅಂತ ಗೊತ್ತಾದದ್ದು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಿಂದೆ ತಿರುಗಿ ಮಾಫಾತನ್ನು ಇನ್ನೊಮ್ಮೆ ನೋಡಬೇಕು ಅಂದುಕೊಂಡಿದ್ದೆ. ಬಿಳಿ ಅಷ್ಟೇ ಇತ್ತು.

ಇಳಿಜಾರು ಏರಿಗಿಂತ ಕಷ್ಟ, ಇದನ್ನು ಬೆಟ್ಟ ಹತ್ತಿದವರೆಲ್ಲ ಒಪ್ಪುತ್ತಾರೆ. ಪ್ರತಿ ಮೆಟ್ಟಿಲಿಗೂ ಮೊಣಕಾಲು ನೋವು ಹೇಳುತ್ತಿತ್ತು. ಸಲಾಜ್ ಇಲೆಟ್‌ಗೆ ಬಂದಾಗ ಐದು ಗಂಟೆ, ಕಷಾಯದ ಒಲೆ ಆರಿತ್ತು, ಅಂಗಳದಲ್ಲಿ ಯಾರೂ ಇಲ್ಲ. ಬೆಂಚಿನ ಮೇಲೆ ಐದು ನಿಮಿಷ ಕೂತು ಉಳಿದ ನೀರು ಕುಡಿದು ಎದ್ದೆವು. ಬೆಳಕು ಬೇಗ ಬೇಗ ಹೋಗುತ್ತಿತ್ತು. ಹಣೆಯ ದೀಪ ಮತ್ತೆ ಹೊರಗೆ ತೆಗೆದೆವು.

ರಸ್ತೆಗೆ ಇನ್ನು ಇಪ್ಪತ್ತು ನಿಮಿಷ ಇರಬಹುದು, ಕೆಳಗಿನಿಂದ ಯಾರೋ ಬರುವ ಸದ್ದು ಕೇಳಿತು. ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೆರಡರ ವಯಸ್ಸು. ಬೆನ್ನ ಮೇಲೆ ಅಕ್ಕಿ ಚೀಲ ಹಗ್ಗದಲ್ಲಿ ಬಿಗಿದಿದ್ದ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಕಾಲಲ್ಲಿ ಸವಾತ್, ಅಂದರೆ ಹವಾಯಿ ಚಪ್ಪಲಿ. ದೀಪ ಇಲ್ಲ. ದಾರಿ ಬಿಟ್ಟು ಪಕ್ಕಕ್ಕೆ ನಿಂತೆವು.

"ಕೊಮಾನ್ ಇ ಲೆ?" ಅಂದೆ.

"ಲೆ ಲಾ," ಅಂದ. ಉಸಿರು ಒಂದಿಷ್ಟೂ ಏರಿರಲಿಲ್ಲ.

ಎಲ್ಲಿಗೆ ಅಂತ ಗೆಳತಿ ಕೇಳಿದಳು. ಮಾರ್ಲಾಗೆ ಅಂತ ಗದ್ದ ಎತ್ತಿ ತೋರಿಸಿದ, ಮನೆಗೆ. ಆಮೇಲೆ ನನ್ನ ಬೂಟಿನ ಹುರಿಯ ಕಡೆ ನೋಡಿ, ಆ ಗಂಟು ಯಾರದ್ದು ಅಂತ ಗೊತ್ತಾದವನ ಹಾಗೆ ನಕ್ಕು, ಹತ್ತತೊಡಗಿದ. ನಾವು ದೀಪ ಹಚ್ಚದೆ ಅಲ್ಲೇ ನಿಂತೆವು. ಅವನ ಚಪ್ಪಲಿಯ ಸದ್ದು ಒಂದು ಸುತ್ತು ಮೇಲೆ, ಇನ್ನೊಂದು ಸುತ್ತು ಮೇಲೆ, ಎಲ್ಲೂ ನಿಲ್ಲದೆ ಕೇಳುತ್ತಲೇ ಇತ್ತು.